ಎಡ ದವಡೆಯ ಉಪವಾಸ

ಒಂಬತ್ತು ವರ್ಷದ ಹಿಂದೆ ಉಮದಿಯ ಹಲ್ಲಿನ ಡಾಕ್ಟರು ನನ್ನ ದವಡೆ ಹಲ್ಲಿಗೆ ಸಿಮೆಂಟು ತುಂಬುವಾಗ ‘ಇದು ಆರು ತಿಂಗಳು ಬಾಳುತ್ತದೆ’ ಎಂದರೋ, ಹಾಗೆ ಎಂದಿರಬೇಕು ಎಂದು ಆಮೇಲೆ ನಾನೇ ತೀರ್ಮಾನಿಸಿದೆನೋ, ಈಗ ಆಣೆ ಮಾಡಿ ಹೇಳಲಾರೆ. ಅಂದು ಜೊತೆಗಿದ್ದ ಅಕ್ಕನನ್ನು ಕೇಳಿದರೆ, “ಆರ್ ತಿಂಗಳಿಗೊಮ್ಮಿ ಬಂದ್ ತೋರಸ್ರಿ ಅಂದಿದ್ರೋ ತಮ್ಮಾ. ನೀ ಎಂದರ ಪೂರಾ ಮಾತ್ ಕೇಳೀಯೇನು?” ಎನ್ನುತ್ತಾಳೆ. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಸಂಶಯಪಡುವುದನ್ನೇ ಕಲಿತು ಬಂದವನು ನಾನು. ಅಕ್ಕನ ನೆನಪನ್ನು ಸಂಶಯಿಸಿದೆ, ನನ್ನದನ್ನು ಸಂಶಯಿಸದೆ ಬಿಟ್ಟೆ.

ಸಿಮೆಂಟು ಅಂದರೆ ಗೋಡೆ ಕಟ್ಟುವುದಲ್ಲ. ಗಾಜಿನ ಪುಡಿಗೆ ಒಂದು ಆಮ್ಲ ಕಲಸಿ ಮಾಡುವ, ಹಲ್ಲಿನ ಬಣ್ಣದ ಗ್ಲಾಸ್ ಅಯೊನೊಮರ್. ಹಲ್ಲಿಗೆ ತಾನಾಗಿ ಕಚ್ಚಿಕೊಳ್ಳುತ್ತದೆ, ಸ್ವಲ್ಪ ಫ್ಲೋರೈಡನ್ನೂ ಒಸರುತ್ತದೆ. ಅಗಿಯುವ ಭಾರವನ್ನು ಅದು ಬಹುಕಾಲ ತಡೆಯದು ಎಂದು ಓದಿದ್ದೆ. ಹೊಸ ಬಗೆಯದು ತಡೆದೀತು ಎಂದೂ ಓದಿದ್ದೆ. ಎರಡು ಅಭಿಪ್ರಾಯ ಸಿಕ್ಕರೆ ಕೆಟ್ಟದ್ದನ್ನು ಆರಿಸುವುದು ನಮ್ಮಂಥ ಬುದ್ಧಿವಂತರ ವಾಡಿಕೆ. ಅದರ ಮೇಲೆ ನಮ್ಮದು ಕಡಕ್ ರೊಟ್ಟಿಯ ನಾಡು. ಜೋಳದ ಆ ರೊಟ್ಟಿ ತಿಂಗಳಾದರೂ ಕೆಡದು. ಕೆಡುವುದೇನಿದ್ದರೂ ತಿಂದವನ ಹಲ್ಲು.

ಹಾಗಾಗಿ ಎಡ ದವಡೆಗೆ ಉಪವಾಸ ವಿಧಿಸಿದೆ. ಎಡವೇ ಏಕೆ? ನೋವು ಮುಖವನ್ನೆಲ್ಲ ಆಕ್ರಮಿಸಿದ್ದಾಗ ಯಾವ ಹಲ್ಲು ಎಂಬುದು ಯಾರಿಗೆ ನೆನಪಿರುತ್ತದೆ! ಡಾಕ್ಟರು ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದ್ದರು. ಸಿಮೆಂಟು ಎಡಗಡೆ ಕಂಡಿತ್ತು. ನಾಲಿಗೆ ಬೇರೇನೋ ಹೇಳಿರಬಹುದು. ದಾಖಲೆ ಇರುವಾಗ ನಾಲಿಗೆಯ ಮಾತು ಯಾರು ಕೇಳುತ್ತಾರೆ? ರೊಟ್ಟಿ, ಹುರಿಗಡಲೆ, ಮಾಡಗ್ಯಾಳದ ಕುರಿಯ ಎಲುಬು ಎಲ್ಲ ಬಲಕ್ಕೆ ಹೋದವು. ಇಷ್ಟು ಸಾಲದೆ ಕಂಡವರ ಮುಂದೆಲ್ಲ, “ಆರ್ ತಿಂಗಳ ಮಾಲ್ ತುಂಬ್ಯಾನ್ರಿ ಆ ಡಾಕ್ಟರ. ನಾ ಸಂಭಾಳಿಸೀನಂತ ಉಳದೈತಿ” ಎಂದು ಸಾರಿದೆ. ನನ್ನ ಮಾತು ನಂಬಿ ಇಬ್ಬರು ಸಿಮೆಂಟು ಬೇಡವೆಂದು ಹಲ್ಲನ್ನೇ ಕೀಳಿಸಿಕೊಂಡರು. ಸಂಶಯ ನನ್ನದು, ಹಲ್ಲು ಅವರದು.

ಈ ವರ್ಷ ಆ ಸಿಮೆಂಟನ್ನು ಕೊರೆಸಿ ತೆಗೆದು, ಹಲ್ಲಿಗೆ ಕ್ರೌನ್ ಎಂಬ ಶಾಶ್ವತ ಟೋಪಿ ಹಾಕಿಸಲು ತಾಲ್ಲೂಕು ಕೇಂದ್ರವಾದ ಜತ್ತಿಗೆ ಹೊರಟೆ. “ಗಟ್ಟಿ ಇದ್ದದ್ದ ಯಾಕ ಕೊರಸ್ತೀ? ಕೊರದ ಹಲ್ಲ ತಿರುಗಿ ಬೆಳಿತೈತೇನು?” ಎಂದು ಗೊಣಗುತ್ತ ಅಕ್ಕನೂ ಬಂದಳು. ಅಲ್ಲಿನ ಡಾಕ್ಟರಮ್ಮ ಕೇಳುವ ಮೊದಲೇ ಎಡಗಡೆ ಬೆರಳಿಟ್ಟು ತೋರಿಸಿದೆ.

“ಇದಕ್ಕ ಯಾರೂ ಕೈ ಹಚ್ಚಿಲ್ಲಲ್ರಿ ಸರ,” ಎಂದರು ಆಕೆ. ಪುಟ್ಟ ಕನ್ನಡಿ ಬಲಕ್ಕೆ ಸರಿಯಿತು. “ಸಿಮೆಂಟ್ ಇಲ್ಲೈತ್ರಿ. ಮ್ಯಾಲ ಜರಾ ಸವದೈತಿ, ಆದ್ರ ಅಂಚೆಲ್ಲ ಚಲೋ ಹಿಡದೈತಿ. ಇದನ್ನ ಕೊರಿಯೂದು ಬ್ಯಾಡ್ರಿ.”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. “ಒಂಬತ್ತ ವರ್ಷ ಸಂಭಾಳಿಸ್ಯಾನ್ರಿ ಮೇಡಮ್ಮಾರ!”

ಎದುರಿಗಿದ್ದವನ ಫೋಟೊದಲ್ಲಿ ಅವನ ಬಲ ನಮಗೆ ಎಡಕ್ಕೆ ಕಾಣುತ್ತದೆ ಎಂಬುದನ್ನು ಯಾವ ವಿಶ್ವವಿದ್ಯಾಲಯವೂ ನನಗೆ ಕಲಿಸಿರಲಿಲ್ಲ. ಒಂಬತ್ತು ವರ್ಷ ದುಡಿದದ್ದು ಬೈಸಿಕೊಂಡ ಸಿಮೆಂಟು. ಆರೈಕೆ ಉಂಡದ್ದು ಏನೂ ಆಗದ ಹಲ್ಲು.

ಉಮದಿಯ ಡಾಕ್ಟರು ಆರು ತಿಂಗಳು ಎಂದದ್ದು ಯಾವ ಅರ್ಥದಲ್ಲಿ, ಇಂದಿಗೂ ಖಾತ್ರಿಯಿಲ್ಲ. ಜತ್ತಿನ ಡಾಕ್ಟರಮ್ಮನನ್ನೂ ನಾನು ಸುಮ್ಮನೆ ನಂಬಲಿಲ್ಲ. ಮನೆಗೆ ಬಂದು ಎರಡು ಕನ್ನಡಿ, ಒಂದು ಬ್ಯಾಟರಿ ದೀಪ ಹಿಡಿದು ಪರೀಕ್ಷಿಸಿದೆ. ಸಿಮೆಂಟು ಬಲಗಡೆಯೇ ಇದೆ. ಅದರ ಪಕ್ಕದ ಸಂದಿಯಲ್ಲಿ ಅಂದು ಬೆಳಿಗ್ಗೆ ತಿಂದ ಕಡಕ್ ರೊಟ್ಟಿಯ ಚೂರೊಂದಿತ್ತು.