ಕೇಳಿ ಮುಗಿಯದ ಯುಸ್ಟೇಸ್
ಬಹರೈನಿನ ಮನಾಮಾದಲ್ಲಿ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಯುಸ್ಟೇಸ್‌ಗೆ ಕೆಲಸ ಇಲ್ಲಿಯ ಹೋಟೆಲಿನಲ್ಲಿ, ಪಾಸ್‌ಪೋರ್ಟ್ ಮತ್ತು ಶೇರುಗಳು ಕೆನಡಾದವು. ರಜೆಯ ಶುಕ್ರವಾರ ಚರ್ಚಿನ ಪೂಜೆ ಮುಗಿದದ್ದೇ ಇಗರ್ಜಿಯ ಅಂಗಳದಲ್ಲಿ ಸಿಕ್ಕವರ ಕೈ ಹಿಡಿಯುತ್ತಾನೆ: “ಬಿದ್ದ ಶೇರು ಮಾರುವುದಾ, ಇಡುವುದಾ? ಕೆನಡಾದ ತೆರಿಗೆಯಿಲ್ಲದ ಖಾತೆಗೆ ಇಲ್ಲಿಂದ ಹಣ ಹಾಕಿದರೆ ದಂಡ ಉಂಟಾ?” ಉಂಟು ಎಂದು ಮೂವರು ಹೇಳಿ ಆಗಿದೆ, ನಾಲ್ಕನೆಯವರು ಇಲ್ಲ ಎಂದಾರೆಂದು ಅವನ ಆಸೆ. ಹಲ್ಲು ಕೀಳಿಸಲು ಹೋದಲ್ಲಿಯೂ ಡಿವಿಡೆಂಡಿನ ಬಗ್ಗೆ ಕೇಳಿ, ಡಾಕ್ಟರು ಬಾಯಿಗೆ ಹತ್ತಿ ಇಟ್ಟ ಮೇಲೆಯೇ ನಿಲ್ಲಿಸಿದನಂತೆ. “ನಾನು ಓದಿದ್ದು ಮೂರನೇ ಕ್ಲಾಸು, ಬ್ರೋಕರನ್ನು ಕೇಳು ಮಾರಾಯ” ಎಂದು ನಾನು ಹೇಳಿದರೆ, “ಅವರು ಫೋನಿನಲ್ಲಿ ಕಾಯಿಸಿ ಹಾಡು ಹಾಕ್ತಾರೆ ಆಂಟಿ, ನೀವು ಚಾ ಕೊಡ್ತೀರಿ” ಎನ್ನುತ್ತಾನೆ. ಮೊನ್ನೆ ನಮ್ಮ ಮನೆಗೆ ಆ ಖಾತೆಯ ಫಾರಂ ತಂದ. ತಾನು ಸತ್ತರೆ ಹಣ ಯಾರಿಗೆ ಎಂಬ ಒಂದು ಜಾಗ ಬಿಟ್ಟು ಎಲ್ಲ ತುಂಬಿಸಿದ್ದ. ಮದುವೆಯಾದವನಲ್ಲ, ಇರುವ ಒಬ್ಬ ಅಣ್ಣನ ಹತ್ತಿರ ಹದಿನಾರು ವರ್ಷದಿಂದ ಮಾತಿಲ್ಲ. ನನ್ನ ಯಜಮಾನರು ತಮ್ಮ ಬ್ಯಾಂಕಿನ ಫಾರಮಿನಲ್ಲಿ ಆ ಜಾಗ ಖಾಲಿ ಬಿಟ್ಟು ತೀರಿಹೋದದ್ದಕ್ಕೆ ನಾನು ಹನ್ನೊಂದು ಸಲ ಬ್ಯಾಂಕಿಗೆ ನಡೆದದ್ದನ್ನು ಹೇಳಿದೆ. ಅವನು ಅಣ್ಣನ ಮಗಳ ಹೆಸರು ಬರೆದ. ಪಕ್ಕದಲ್ಲಿ ಅವಳ ಹುಟ್ಟಿದ ತಾರೀಕು ಕೇಳಿದ್ದರು. “ಇದಕ್ಕೆ ಅಣ್ಣನಿಗೇ ಫೋನ್ ಮಾಡಬೇಕು” ಎಂದವನು, ಫೋನ್ ಕೈಗೆತ್ತಿಕೊಂಡು ಮೆಲ್ಲ ಕೇಳಿದ: “ಅವನು ಎತ್ತಿದರೆ ಮೊದಲು ಏನು ಹೇಳುವುದು ಆಂಟಿ?”