ತಿರ್ಜಾಳ ಮೂಳೆಕಡ್ಡಿ

ಹೆಸ್ಟರಳ ಮುತ್ತಜ್ಜಿಯ ತಂಗಿ ತಿರ್ಜಾ ಬೆಡ್‌ಫರ್ಡ್‌ಷೈರಿನಿಂದ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದ್ದು 1853ರಲ್ಲಿ. ಆಮೇಲೆ ಒಂದು ಕಾಗದವೂ ಬರಲಿಲ್ಲ. ಮಗಳು ಮುಳುಗಿದಳೆಂದೇ ನಂಬಿದ ತಾಯಿ ಡಾರ್ಕಸ್, ಲೇಸು ಹೆಣೆಯುವ ಮೂಳೆಕಡ್ಡಿಯ ಮೇಲೆ 'ನನ್ನ ತಿರ್ಜಾ, ನೀರುಪಾಲು' ಎಂದು ಕೆತ್ತಿಸಿ, ಸಾಯುವತನಕ ಮೂವತ್ತು ವರ್ಷ ಅದಕ್ಕೇ ದಾರ ಸುತ್ತಿದಳು.

ಹೆಸ್ಟರ್ ಬರೆದು ಕೇಳಿದ್ದಕ್ಕೆ ಅಡಿಲೇಡಿನ ಚರ್ಚಿನಿಂದ ಇವತ್ತು ಉತ್ತರ ಬಂದಿತ್ತು. ತಿರ್ಜಾ ತೀರಿಕೊಂಡದ್ದು 1891ರಲ್ಲಿ. ಅವಳ ಹಿರಿಮಗಳ ಹೆಸರು ಡಾರ್ಕಸ್.

"ಬದುಕಿದ್ಲು ಅಂತ ಖುಷಿಪಡೋದು ಬಿಟ್ಟು ಅಳ್ತೀಯಲ್ಲೇ!" ಎಂದಳು ನೆರೆಮನೆಯ ಮರ್ಸಿ. "ದೇವರ ಹತ್ರ ಈಗ ತಾಯಿ ಮಗಳು ಒಟ್ಟಿಗೇ ಇದಾರೆ ಬಿಡು."

"ಇದಾರೆ ಕಣೆ. ಆದ್ರೆ ಬದುಕಿರೋ ಮಗಳಿಗೋಸ್ಕರ ಆ ತಾಯಿ ಇಲ್ಲಿ ಅಷ್ಟು ವರ್ಷ ಅತ್ಲಲ್ಲ."

ಹೆಸ್ಟರ್ ಮನೆಯಲ್ಲಿ ಉಳಿದುಬಂದಿದ್ದ ಆ ಕಡ್ಡಿಯನ್ನು ಬೆಳಕಿಗೆ ಹಿಡಿದಳು. ತಾಯಿ ಡಾರ್ಕಸಳ ಹೆಬ್ಬೆರಳು ಆಡಿ ಆಡಿ, ಹೆಸರಿದ್ದ ಕಡೆ ಮಾತ್ರ ಮೂಳೆ ಸವೆದು ನುಣ್ಣಗಾಗಿತ್ತು.