ನಾಮದೇವನಿಗೆ ಹೇಳಿದ ಸುಳ್ಳು

ನಾಮದೇವನಿಗೆ ನಾನು ಸುಳ್ಳು ಹೇಳಿದೆ — ನಿಜ ಏನೆಂದು ಗೊತ್ತಿದ್ದೂ ಹೇಳಿದೆ.

ಐವತ್ತರ ದಶಕದ ಮಾತು. ಸೊಲ್ಲಾಪುರದ ಕಾಲೇಜಿನಲ್ಲಿ ಓದುತ್ತಿದ್ದ ನಾನು ರಜೆಯಲ್ಲಿ ಅಕ್ಕಲಕೋಟೆಯ ತಂಬು ಸಿನಿಮಾದಲ್ಲಿ ಇಂಗ್ಲಿಷ್ ಚಿತ್ರಗಳ ಕಥೆಯನ್ನು ಕನ್ನಡದಲ್ಲಿ ಕೂಗಿ ಹೇಳುತ್ತಿದ್ದೆ. ಎಲ್ಲರಿಗೂ ನಾನು ‘ಮಾಸ್ತರ’. ಯಂತ್ರ ನಡೆಸುತ್ತಿದ್ದ ನಾಮದೇವ ನನ್ನದೇ ವಯಸ್ಸಿನವನು. ಅವನು ಹುಟ್ಟಿ ಬೆಳೆದದ್ದು ಸೊಲ್ಲಾಪುರದ ಸೆಟಲ್‌ಮೆಂಟಿನ ತಂತಿಬೇಲಿಯೊಳಗೆ — ಬ್ರಿಟಿಷರು ಕೆಲವು ಜನಾಂಗಗಳಿಗೆ ‘ಹುಟ್ಟುಗಳ್ಳರು’ ಎಂಬ ಹೆಸರಿಟ್ಟು ಕೂಡಿಹಾಕಿದ್ದ ಜಾಗ. ಬೇಲಿ ತೆಗೆದು ಹೆಚ್ಚು ಕಾಲವಾಗಿರಲಿಲ್ಲ.

ಎಂಥ ಗೆಳೆಯ ಅವನು! ನನ್ನ ಗಂಟಲು ಕಟ್ಟಿತೆಂದರೆ ರೀಲು ಬದಲಿಸುವಾಗ ಬೇಕೆಂದೇ ತಡಮಾಡುತ್ತಿದ್ದ. ಜನ ಬೈದರೆ ತಾನು ಬೈಸಿಕೊಳ್ಳುತ್ತಿದ್ದ.

ಒಮ್ಮೆ ಅಮೆರಿಕದ ಕುದುರೆ ಸವಾರರ ಚಿತ್ರ ಬಂತು. ಬಿಳಿಯರು ಗಾಡಿ ಕಟ್ಟಿಕೊಂಡು ಹೊಸ ಸೀಮೆಗೆ ಹೊರಟಿದ್ದಾರೆ. ತಲೆಗೆ ಗರಿ ಸಿಕ್ಕಿಸಿಕೊಂಡವರು ಗುಡ್ಡ ಇಳಿದು ಅವರ ಮೇಲೆ ಬೀಳುತ್ತಾರೆ. ಆ ಗುಡ್ಡ, ಆ ಹುಲ್ಲುಗಾವಲು ಗರಿಯವರದೇ, ಬಿಳಿಯರು ಕೊಟ್ಟ ಮಾತು ಮುರಿದು ಅವರನ್ನು ಅಲ್ಲಿಂದ ಅಟ್ಟಿದರು ಎಂದು ನಾನು ಕಾಲೇಜಿನಲ್ಲಿ ಓದಿದ್ದೆ. ಆದರೂ ಕೂಗಿದೆ: “ಬಂದ್ರು ನೋಡ್ರಿ ಹುಟ್ಟುಗಳ್ಳರು!” ತಂಬಿನ ತುಂಬ ಸೀಟಿ. ಆ ಸೀಟಿಯ ರುಚಿ ನನಗೆ ಹತ್ತಿಬಿಟ್ಟಿತ್ತು...

ಮರುದಿನ ಬೆಳಿಗ್ಗೆ ರೀಲು ಸುತ್ತುತ್ತಿದ್ದ ನಾಮದೇವ ಕೈ ನಿಲ್ಲಿಸಿ ಕೇಳಿದ: “ಮಾಸ್ತರ, ನೀ ಓದಿದಾಂವ. ಅವರು ಖರೇನ ಹಂಗ ಇದ್ರೇನು? ಹುಟ್ಟಿನಿಂದನ ಕಳ್ಳರು?”

ಇಲ್ಲ ಎನ್ನಬಹುದಿತ್ತು. ಇಲ್ಲ ಎಂದರೆ, ಅಂದು ರಾತ್ರಿಯ ಆಟಕ್ಕೆ ಏನೆಂದು ಕೂಗಲಿ —

“ಹೌದೋ. ಬುಕ್ಕಿನಾಗ ಹಂಗ ಐತಿ,” ಎಂದೆ.

“ಹಂಗಾದ್ರ ಅಲ್ಲೀನೂ ಅದಾರ ಅನ್ನು, ನಮ್ಮಂಥವರು,” ಎಂದು ಮೆಲ್ಲಗೆ ನಕ್ಕು ಮತ್ತೆ ಸುತ್ತತೊಡಗಿದ.

ನಮ್ಮ ಸ್ನೇಹ ಮುರಿಯಲಿಲ್ಲ. ಅವನು ನನ್ನನ್ನು ನಂಬಿಯೇ ಮುದುಕನಾದ — ಅದೇ ನನ್ನನ್ನು ಸುಡುವುದು.

ಹೋದ ತಿಂಗಳು ಅವನ ಮನೆಯಲ್ಲಿ ಕುಳಿತಿದ್ದೆ. ಟೀವಿಯಲ್ಲಿ ಅಂಥದ್ದೇ ಒಂದು ಚಿತ್ರ. ಅವನ ಮೊಮ್ಮಗಳು ಗರಿಯವರನ್ನು ತೋರಿಸಿ ಯಾರೆಂದು ಕೇಳಿದಳು. “ಕಳ್ಳರವ್ವಾ. ಮಾಸ್ತರಜ್ಜ ಬುಕ್ಕಿನಾಗ ಓದ್ಯಾನ,” ಎಂದು ನಾಮದೇವ ಅಭಿಮಾನದಿಂದ ನನ್ನತ್ತ ನೋಡಿದ.

“ನಾ ಸುಳ್ಳ ಹೇಳಿದ್ದೆ, ನಾಮದೇವ,” ಎಂದೆ. “ಬುಕ್ಕಿನಾಗ ಹಂಗ ಇರಲಿಲ್ಲ. ಆ ನೆಲ ಅವರದ ಇತ್ತು. ಕಳಕೊಂಡಾವ್ರು ಅವರು.”

“ಅವತ್ತ ಹೇಳಿದ್ರ ಚಲೋ ಆಗತಿತ್ತು ಮಾಸ್ತರ. ಆಗ ನಮ್ಮವ್ವ ಇದ್ದಳು. ಹುಟ್ಟಿನಿಂದ ಯಾರೂ ಕಳ್ಳರಲ್ಲ ಅಂತ ಆಕಿಗೂ ಹೇಳತಿದ್ದೆ,” ಎಂದ ನಾಮದೇವ.



ಅವನು ಟೀವಿ ಆರಿಸಿದ. ಮೊಮ್ಮಗಳನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು, “ಈಗ ಹೇಳು, ಇಕಿಗೆ ತಿಳಿಯುವಂಗ,” ಎಂದ.

ಕೂಗದೆ, ಮೆಲ್ಲನೆ, ಹೇಳತೊಡಗಿದೆ.